ಹನ್ನೊಂದು ಮೀಟರ್ ದೂರದ ಸ್ಪೀಕರ್

ಮನೆಯ ಹಳೆಯ ಆಂಪ್ಲಿಫೈಯರನ್ನು ಕಿತ್ತು ಹೊಸ ಹೋಂ ಥಿಯೇಟರ್ ರಿಸೀವರನ್ನು ನಾನೇ, ನನ್ನ ಸ್ವಹಸ್ತದಿಂದಲೇ, ಯಾವ ಮೆಕ್ಯಾನಿಕ್ಕಿನ ಹಂಗೂ ಇಲ್ಲದೆ ಜೋಡಿಸುತ್ತೇನೆಂದು ಊಟದ ಮೇಜಿನ ಮುಂದೆ ಘೋಷಿಸಿದ ದಿನ ನನ್ನ ಎದೆ ಎರಡು ಅಂಗುಲ ಮುಂದೆ ಬಂದಿತ್ತು. ಬಾರದೇ ಏನು? ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿರುವವನು ನಾನು. ವಿದ್ಯುತ್ತು ನನ್ನ ಎಡಗೈ, ಶಬ್ದ ನನ್ನ ಬಲಗೈ. ಓಮ್‌ನ ನಿಯಮವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪದೆ ಒಪ್ಪಿಸಬಲ್ಲೆ. ಇಂಥ ಮಹಾಪುರುಷ ನಾಲ್ಕು ವೈರು ಸಿಕ್ಕಿಸಲು ಇನ್ನೊಬ್ಬನನ್ನು ಕರೆಸುವುದೇ? ವಿಜ್ಞಾನಕ್ಕೇ ಅವಮಾನ!

"ಕಳೆದ ಸಲ ಟ್ಯೂಬ್‌ಲೈಟ್ ಹಾಕಿದ್ದು ಯಾರು?" ಎಂದಳು ಹೆಂಡತಿ.

"ಎಲೆಕ್ಟ್ರಿಷಿಯನ್ನು."

"ಅದಕ್ಕೆ ಮುಂಚೆ ಹಾಕೋಕೆ ಹೋಗಿ ಕುರ್ಚಿ ಮುರಿದಿದ್ದು?"

"ಕುರ್ಚಿ ಹಳೇದಾಗಿತ್ತು ಕಣೇ."

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಪ್ರಶ್ನೆ ಕೇಳುವಾಗಲೂ ಸರಿಯಾಗಿ ನೋವಿರುವ ಜಾಗವನ್ನೇ ಕುಕ್ಕುತ್ತಾಳೆ. ನಮ್ಮ ಮನೆಯ ಮುಂದಿನ ಎರಡು ಕೋಣೆಗಳೇ ಅವಳ ಕ್ಲಿನಿಕ್ಕು: ಒಂದರಲ್ಲಿ ಪೇಷಂಟುಗಳು ಕಾಯುತ್ತಾರೆ, ಇನ್ನೊಂದರಲ್ಲಿ ಆ ಕಾಲು ಚಾಚುವ ಕುರ್ಚಿ. ಬಾಗಿಲ ಮೇಲೆ 'ನೋವಿಲ್ಲದ ಹಲ್ಲಿನ ಚಿಕಿತ್ಸೆ' ಎಂಬ ಬೋರ್ಡು ಹನ್ನೆರಡು ವರ್ಷದಿಂದ ಇದೆ. ನೋವಿಲ್ಲದಿರುವುದರಲ್ಲಿ ಅರ್ಧ ಕೆಲಸ ಇಂಜೆಕ್ಷನ್ನಿನದು, ಇನ್ನರ್ಧ ನಮ್ಮ ಹಳೆಯ ಆಂಪ್ಲಿಫೈಯರಿನದು. ಹಾಲಿನಲ್ಲಿ ಕೂತ ಆ ಮುದಿ ಪೆಟ್ಟಿಗೆಯಿಂದ ಗೋಡೆಯೊಳಗೆ ವೈರು ಹೋಗಿ, ಎರಡು ಕೋಣೆಗಳ ಮೂಲೆಯಲ್ಲಿ ಒಂದೊಂದು ಸ್ಪೀಕರಿನಲ್ಲಿ ಕೊಳಲು ಮೆಲ್ಲಗೆ ಕೇಳುತ್ತಿತ್ತು. ಸದ್ದು ಕೇಳುತ್ತ ಪೇಷಂಟುಗಳು ಅರ್ಧ ನಿದ್ದೆಗೆ ಜಾರುತ್ತಿದ್ದರು. ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಾಗಿಲ ಬಳಿ ಮೇಜು ಹಾಕಿಕೊಂಡು ಹೆಸರು ಬರೆದುಕೊಂಡು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು.

ಆದರೆ ಈಚೆಗೆ ಹೆಸರು ಬರೆಸುವವರೇ ಕಡಿಮೆಯಾಗಿದ್ದರು. ರಸ್ತೆಯ ತುದಿಯಲ್ಲಿ ಗಾಜಿನ ಬಾಗಿಲು, ಮೀನಿನ ತೊಟ್ಟಿ, ನಗುವ ಹುಡುಗಿಯರಿರುವ ಹೊಸ ಡೆಂಟಲ್ ಕ್ಲಿನಿಕ್ಕು ಬಂದಿತ್ತು. ಹೆಂಡತಿ ಸಂಜೆ ಖಾಲಿ ಬೆಂಚುಗಳನ್ನು ಎರಡೆರಡು ಸಲ ಒರೆಸುತ್ತಿದ್ದಳು.

ಹೀಗಿರುವಾಗ ನಮ್ಮ ಶಾಲೆಯ ಹೆಡ್ಮಾಸ್ಟರಿಗೆ ಹಲ್ಲು ನೋವು ಬಂತು. ಇಡೀ ಶಾಲೆ ಅವರ ಕೆಮ್ಮಿಗೆ ನಡುಗುತ್ತದೆ. ಅವರು ಮಾತ್ರ ಹಲ್ಲಿನ ಡಾಕ್ಟರೆಂದರೆ ನಡುಗುತ್ತಾರೆ. ಎರಡು ವರ್ಷ ಲವಂಗ ಕಚ್ಚಿಕೊಂಡೇ ಆಡಳಿತ ನಡೆಸಿದವರು. ಹೆಂಡತಿ ಫೋನಿನಲ್ಲಿ ಪುಸಲಾಯಿಸಿ ಪುಸಲಾಯಿಸಿ ಸೋಮವಾರ ಸಂಜೆ ಐದಕ್ಕೆ ಬರಲು ಒಪ್ಪಿಸಿದಳು. ಅವರೂ ಒಂದು ಮಾತು ಕೊಟ್ಟರು: "ನನಗೆ ಒಂದು ಚೂರು ನೋವಾಗದೆ ಹೋದ್ರೆ, ಶಾಲೆಯ ಆರುನೂರು ಮಕ್ಕಳ ಹಲ್ಲಿನ ತಪಾಸಣೆ ಈ ವರ್ಷದಿಂದ ನಿಮಗೇ ಡಾಕ್ಟ್ರೇ. ಇಲ್ಲಾಂದ್ರೆ ಆ ಗಾಜಿನ ಬಾಗಿಲಿನವರು ದಿನಾ ಬಂದು ನಮಸ್ಕಾರ ಹೊಡೀತಿದ್ದಾರೆ."

ಇದು ಹೆಂಡತಿಯ ಸೋಮವಾರ. ನನ್ನದು ಅದಕ್ಕೂ ಮುಂಚಿನ ಭಾನುವಾರ.

ಶನಿವಾರ ಅಂಗಡಿಯಿಂದ ರಿಸೀವರು ಬಂದಿತ್ತು. ಜೊತೆಗೆ ಸೋಫಾದ ಹಿಂದೆ ಇಡಲು ಎರಡು ಪುಟ್ಟ ಸ್ಪೀಕರು, ಐವತ್ತನಾಲ್ಕು ಗುಂಡಿಗಳ ರಿಮೋಟು, ಹಾಗೂ ನನ್ನ ಒಂಬತ್ತನೇ ತರಗತಿಯ ಪಠ್ಯಕ್ಕಿಂತ ದಪ್ಪವಾದ ಕೈಪಿಡಿ.

"ಅಂಗಡಿಯವನು ಏನಂದ ಗೊತ್ತಾ ಅತ್ತೆ? ಸಿನಿಮಾದಲ್ಲಿ ಹೆಲಿಕಾಪ್ಟರ್ ಬಂದ್ರೆ ನಮ್ಮ ತಲೆ ಮೇಲೇ ಹಾರಿದ ಹಾಗಾಗುತ್ತಂತೆ."

"ತಲೆ ಮೇಲೆ ಹೆಲಿಕಾಪ್ಟರ್ ಹಾರಿಸಿಕೊಳ್ಳೋಕೆ ದುಡ್ಡು ಬೇರೆ ಕೊಟ್ಟು ಬಂದ್ರಾ ಅಳಿಯಂದ್ರೇ?"

ಅಜ್ಞಾನಿಗಳ ನಡುವೆ ವಿಜ್ಞಾನಿ ಮೌನವಾಗಿರಬೇಕು.

ಟಿ.ವಿ. ಮೇಜಿನ ಕೆಳಗೆ ಗೋಡೆಯಲ್ಲೊಂದು ತೂತಿದೆ. ಅದರಿಂದ ನಾಲ್ಕು ಜೊತೆ ವೈರುಗಳು ಹೊರಗೆ ಬಂದಿದ್ದವು. ಎರಡು ಜೊತೆ ಕ್ಲಿನಿಕ್ಕಿಗೆ ಹೋಗುವಂಥವು. ಇನ್ನೆರಡು ಜೊತೆ ಸೋಫಾದ ಹಿಂದಕ್ಕೆ ಹೋಗಲೆಂದು ನಾನೇ ಹೊಸದಾಗಿ ಎಳೆದಂಥವು. ನೋಡಲು ಅಂದವಾಗಿರಲಿ ಎಂದು ಹಳೆಯದರ ಬಣ್ಣಕ್ಕೇ ಹೊಂದುವ ವೈರು ಹುಡುಕಿ ತಂದಿದ್ದೆ. ಎಲ್ಲವೂ ಬೂದು ಬಣ್ಣ. ಒಂದಕ್ಕೊಂದು ಅವಳಿಜವಳಿ.

"ಗುರುತು ತಪ್ಪಲ್ವಾ?" ಎಂದಳು ಹೆಂಡತಿ.

"ತಪ್ಪೋಕೆ ನಾನೇನು ಎಲೆಕ್ಟ್ರಿಷಿಯನ್ನಾ?" ಎಂದು ಜೇಬಿನಿಂದ ಚಾಕ್‌ಪೀಸು ತೆಗೆದೆ. ನನ್ನ ಜೇಬಿನಲ್ಲಿ ಕರವಸ್ತ್ರ ಇಲ್ಲದಿರಬಹುದು, ಚಾಕ್‌ಪೀಸು ಇಲ್ಲದ ದಿನವಿಲ್ಲ. ಒಂದೊಂದು ವೈರಿನ ಮೇಲೂ ಮುತ್ತಿನಂಥ ಅಕ್ಷರದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದೆ. ಒಂದು ಎರಡು ಕ್ಲಿನಿಕ್ಕು, ಮೂರು ನಾಲ್ಕು ಸೋಫಾ.

"ದಾರ ಕಟ್ಟಿ ಅಳಿಯಂದ್ರೇ," ಎಂದರು ಅತ್ತೆ. "ಕ್ಲಿನಿಕ್ಕಿಗೆ ಕೆಂಪು, ಇದಕ್ಕೆ ಹಸಿರು. ನನ್ನ ಹೊಲಿಗೆ ಡಬ್ಬಿಯಲ್ಲಿದೆ."

"ಇದು ಲಂಗ ಹೊಲಿಯೋ ಕೆಲಸ ಅಲ್ಲ ಅತ್ತೆ."

ಹಳೆಯ ಆಂಪ್ಲಿಫೈಯರನ್ನು ಕಿತ್ತು ಕೆಳಗಿಳಿಸಿದೆ. ಹೊಸದನ್ನು ಎತ್ತಿ ಕೂರಿಸಿದೆ. ಕೈ ಝಾಡಿಸಿಕೊಂಡು, ಇನ್ನು ವೈರು ಸಿಕ್ಕಿಸಬೇಕು ಎಂದು ಬಗ್ಗಿ ನೋಡುತ್ತೇನೆ, ನಾಲ್ಕು ವೈರುಗಳೂ ಆಗ ತಾನೇ ಹುಟ್ಟಿದ ಕೂಸುಗಳಂತೆ ಸ್ವಚ್ಛವಾಗಿವೆ! ನನ್ನ ಬಲಗೈಯಲ್ಲಿ ಒರೆಸುವ ಬಟ್ಟೆಯಿದೆ. ಒರೆಸಿದವನು ನಾನೇ. ಇಪ್ಪತ್ತೆರಡು ವರ್ಷ ಮೇಷ್ಟ್ರ ಕೆಲಸ ಮಾಡಿದ ಕೈಗೆ ಒಂದು ಚಟ ಅಂಟಿರುತ್ತದೆ: ಚಾಕಿನಲ್ಲಿ ಬರೆದದ್ದು ಕಂಡರೆ, ಮುಂದಿನ ಪಾಠ ಶುರು ಮಾಡುವ ಮುಂಚೆ, ಅದು ತಾನಾಗಿಯೇ ಹೋಗಿ ಒರೆಸಿಬಿಡುತ್ತದೆ. ತಲೆಯನ್ನು ಕೇಳುವುದೇ ಇಲ್ಲ.

ಇನ್ನೊಬ್ಬನಾಗಿದ್ದರೆ ಹೆಂಡತಿಯನ್ನು ಕರೆಯುತ್ತಿದ್ದ. ಒಂದು ಬ್ಯಾಟರಿ ತಾಗಿಸಿ ಯಾವ ಸ್ಪೀಕರು ಟಕ್ಕೆನ್ನುತ್ತದೆ ಎಂದು ನೋಡುತ್ತಿದ್ದ. ಅದನ್ನೇ ನಾನು ಪ್ರತಿ ವರ್ಷ ಮಕ್ಕಳಿಗೆ ಪ್ರಯೋಗವಾಗಿ ತೋರಿಸುತ್ತೇನೆ. ಆದರೆ ಅತ್ತೆ ಹಿಂದೆ ನಿಂತು ನೋಡುತ್ತಿದ್ದರು. ಅವರೆದುರು ಸೋಲೊಪ್ಪುವುದೇ? ಹೊಸ ವೈರು ಹೊಳೆಯುತ್ತದೆ, ಹಳೆಯದು ಮಂಕಾಗಿರುತ್ತದೆ ಎಂದು ತರ್ಕಿಸಿ, ಹೊಳೆಯುವ ಎರಡನ್ನು ಹಿಂದಿನ ಸ್ಪೀಕರಿನ ಜಾಗಕ್ಕೆ, ಉಳಿದೆರಡನ್ನು ಕ್ಲಿನಿಕ್ಕಿನ ಜಾಗಕ್ಕೆ ಸಿಕ್ಕಿಸಿದೆ. ನಾನು ಈಗಷ್ಟೇ ಎಲ್ಲವನ್ನೂ ಒರೆಸಿ ಹೊಳೆಯಿಸಿದ್ದೆ ಎಂಬುದು ತರ್ಕಕ್ಕೆ ಹೊಳೆಯಲಿಲ್ಲ.

ಮುಂದಿನದು ಅಳತೆಯ ಶಾಸ್ತ್ರ. ಈ ಯಂತ್ರದ ಜೊತೆ ಒಂದು ಪುಟ್ಟ ಮೈಕು ಬರುತ್ತದೆ. ಅದನ್ನು ಸೋಫಾದ ನಡುವೆ, ಕೂತವರ ಕಿವಿಯ ಎತ್ತರಕ್ಕೆ ನಿಲ್ಲಿಸಬೇಕು. ರಿಸೀವರು ಒಂದೊಂದೇ ಸ್ಪೀಕರಿನಿಂದ ಭುಸ್, ಠಕ್ ಎಂದು ಸದ್ದು ಮಾಡಿ, ಮೈಕಿನ ಮೂಲಕ ತಾನೇ ಕೇಳಿಸಿಕೊಂಡು, ಯಾವ ಸ್ಪೀಕರು ಎಷ್ಟು ದೂರದಲ್ಲಿದೆ, ಎಷ್ಟು ಜೋರಾಗಿರಬೇಕು ಎಂದು ತಾನೇ ತೀರ್ಮಾನಿಸುತ್ತದೆ. ಷರತ್ತು ಒಂದೇ: ಐದು ನಿಮಿಷ ಮನೆಯಲ್ಲಿ ಯಾರೂ ಪಿಟ್ಟೆನ್ನಬಾರದು.

ನಮ್ಮ ಮನೆಯಲ್ಲಿ ಐದು ನಿಮಿಷ! ಮೊದಲ ಸಲ ಎರಡನೇ ನಿಮಿಷಕ್ಕೆ ಅತ್ತೆ ಸೀನಿದರು. ಎರಡನೇ ಸಲ ಅವರು ಸೀನಿದ್ದಕ್ಕೆ ಕ್ಷಮೆ ಕೇಳಿದರು. ಮೂರನೇ ಸಲ ಹೆಂಡತಿ "ಅಮ್ಮ, ಸುಮ್ನಿರು" ಎಂದಳು. ನಾಲ್ಕನೇ ಸಲ, ಯಾರೂ ಮಾತಾಡದಿದ್ದಾಗ, "ನೋಡಿದ್ರಾ, ಈಗ ಹೇಗೆ ಶಾಂತವಾಗಿದೆ" ಎಂದು ನಾನೇ ಹೇಳಿದೆ. ಏಳನೇ ಸಲಕ್ಕೆ ಯಂತ್ರದ ಮನಸ್ಸು ಕರಗಿತು. ಅಷ್ಟರಲ್ಲಿ ಸಂಜೆಯಾಗಿತ್ತು. ಪರದೆಯ ಮೇಲೆ ಫಲಿತಾಂಶ ಬಂತು. ಟಿ.ವಿ.ಯ ಅಕ್ಕಪಕ್ಕದ ಹಳೆಯ ಸ್ಪೀಕರುಗಳು ಎರಡೂವರೆ ಮೀಟರ್ ದೂರ. ಸೋಫಾದ ಹಿಂದಿನ ಸ್ಪೀಕರುಗಳು ಹನ್ನೊಂದು ಮೀಟರ್ ದೂರ.

"ಹನ್ನೊಂದಾ?" ಅತ್ತೆ ಸೋಫಾದಿಂದ ಎದ್ದು ಹಾಲನ್ನು ಈ ಗೋಡೆಯಿಂದ ಆ ಗೋಡೆಗೆ ನಡೆದು ನೋಡಿದರು. "ಹಾಲು ಪೂರ್ತಿ ನನಗೆ ಎಂಟು ಹೆಜ್ಜೆ. ಈ ಡಬ್ಬ ಕೈಗೆಟುಕೋ ಹಾಗಿದೆ."

"ಅದು ಶಬ್ದದ ಪ್ರತಿಫಲನ ಅತ್ತೆ. ಗೋಡೆಗೆ ಬಡಿದು ವಾಪಸ್ ಬರೋದು. ಹೇಳಿದ್ರೆ ನಿಮಗೆ ಅರ್ಥ ಆಗಲ್ಲ."

"ಶಬ್ದ ಕ್ಲಿನಿಕ್ ಕಡೆಯಿಂದ ಬಂದ ಹಾಗಿತ್ತಲ್ಲ?"

"ಅದೇ ಪ್ರತಿಫಲನ."

ಕೆಳಗೆ ಇನ್ನೊಂದು ಸಾಲಿತ್ತು. ಹಿಂದಿನ ಸ್ಪೀಕರುಗಳ ಸದ್ದು ತೀರಾ ಕ್ಷೀಣವಾದ್ದರಿಂದ ಅವುಗಳ ಜೋರನ್ನು ಬಹಳಷ್ಟು ಏರಿಸಲಾಗಿದೆ. ಎಷ್ಟು ಬುದ್ಧಿವಂತ ಯಂತ್ರ, ದುರ್ಬಲರ ಮೇಲೆ ಎಷ್ಟು ಕರುಣೆ ಎಂದು ಮೆಚ್ಚಿ ಒಪ್ಪಿಗೆಯ ಗುಂಡಿ ಒತ್ತಿದೆ. ಒಂದು ಸಿನಿಮಾ ಹಾಕೋಣ ಎಂದರೆ ಹೆಂಡತಿ, "ಇವತ್ತಿಗೆ ಸಾಕು ರೀ, ಭುಸ್ ಭುಸ್ ಕೇಳಿ ತಲೆ ಸಿಡೀತಿದೆ" ಎಂದು ಟಿ.ವಿ. ಆರಿಸಿದಳು.

ಸೋಮವಾರ ಬೆಳಿಗ್ಗೆ ಹೆಂಡತಿ ಹೇಳಿದಳು: "ಕ್ಲಿನಿಕ್ಕಲ್ಲಿ ಹಾಡು ಬರ್ತಿಲ್ಲ."

"ಎರಡನೇ ಕೋಣೆಗೆ ಹಾಡು ಕಳಿಸೋದು ನೂರನಲವತ್ತನೇ ಪುಟದಲ್ಲಿದೆ. ನಾನಿನ್ನೂ ಅರವತ್ತರಲ್ಲಿದ್ದೀನಿ."

"ಇವತ್ತು ಹೆಡ್ಮಾಸ್ಟರು ಬರ್ತಾರೆ. ಹಾಡಿಲ್ಲದಿದ್ರೂ ನಿಭಾಯಿಸ್ತೀನಿ. ಆದ್ರೆ ಐದು ಗಂಟೆಗೆ ನೀವು ಆ ಸಾಮಾನು ಮುಟ್ಟಬೇಡಿ."

"ನಡುವೆ ಎರಡು ಬಾಗಿಲು ಇದೆ ಕಣೇ. ಸಣ್ಣಗೆ ಇಟ್ಕೋತೀನಿ."

"ಮುಟ್ಟಬೇಡಿ ಅಂದೆ."

ಮುಟ್ಟಬೇಡಿ ಎಂದರೆ ಜೋರಾಗಿ ಇಡಬೇಡಿ ಎಂದರ್ಥ ಎಂದು ನಾನು ಅರ್ಥ ಮಾಡಿಕೊಂಡೆ. ಗಂಡಂದಿರ ನಿಘಂಟು ಬೇರೆ.

ಐದೂ ಕಾಲಿಗೆ ನಡುವಿನ ಎರಡೂ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ದಿಂಬು ತುರುಕಿ, ಸದ್ದು ತೀರಾ ಸಣ್ಣಗಿಟ್ಟು ಸಿನಿಮಾ ಹಾಕಿದೆ. ಇಷ್ಟು ಕಾಳಜಿಯ ಗಂಡ ಎಲ್ಲಿ ಸಿಕ್ಕಾನು! ಕತೆ ಒಂದು ಮರ ಕೊಯ್ಯುವ ಮಿಲ್ಲಿನದು. ನಾಯಕನನ್ನು ಕಟ್ಟಿ ಹಾಕಿದ್ದಾರೆ. ಅವನ ಬೆನ್ನ ಹಿಂದಿನಿಂದ ಗರಗಸದ ಯಂತ್ರ ನಿಧಾನವಾಗಿ ಬರುತ್ತಿದೆ. ನನ್ನ ಬೆನ್ನ ಹಿಂದೆ ಮಾತ್ರ ಏನೂ ಬರಲಿಲ್ಲ. ಎಲ್ಲೋ ದೂರದಲ್ಲಿ ಗುಂಯ್ ಎಂದಂತಿತ್ತು. ಇಷ್ಟು ದುಡ್ಡು ಕೊಟ್ಟಿದ್ದೇನೆ, ಗರಗಸ ನನ್ನ ಕತ್ತಿನ ಹತ್ತಿರವಾದರೂ ಬರಬೇಡವೇ? ರಿಮೋಟು ಹಿಡಿದು ಹಿಂದಿನ ಸ್ಪೀಕರುಗಳನ್ನಷ್ಟೇ ಇನ್ನೂ ನಾಲ್ಕು ಮೆಟ್ಟಿಲು ಏರಿಸಿದೆ.

ಆ ಕಡೆ ಏನಾಯಿತು ಎಂಬುದು ಅತ್ತೆ ನನಗೆ ಆಮೇಲೆ ಹೇಳಿದ್ದು, ಈಗಲೂ ದಿನಕ್ಕೊಮ್ಮೆ ಹೇಳುತ್ತಿರುವುದು. ಹೆಡ್ಮಾಸ್ಟರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಇಂಜೆಕ್ಷನ್ ಆಗಿ ಅರ್ಧ ಬಾಯಿ ಮರಗಟ್ಟಿತ್ತು. "ಇಷ್ಟೇನಾ ಡಾಕ್ಟ್ರೇ, ಸುಮ್ನೆ ಹೆದರಿದ್ದೆ" ಎಂದು ಆಗತಾನೇ ಹೇಳಿದ್ದರು. ಕಾಯುವ ಕೋಣೆಯಲ್ಲಿ ನಾಲ್ವರಿದ್ದರು. ಹೆಂಡತಿ ಹಲ್ಲು ಕೊರೆಯುವ ಪುಟ್ಟ ಯಂತ್ರವನ್ನು ಕೈಗೆತ್ತಿಕೊಂಡಳು. ಅದನ್ನು ಅವರ ಬಾಯಿಯ ಹತ್ತಿರ ತಂದಳು. ಗುಂಡಿ ಒತ್ತುವ ಮುಂಚೆಯೇ ಹೆಡ್ಮಾಸ್ಟರ ತಲೆಯ ಮೇಲೆ ಮರ ಕೊಯ್ಯುವ ಗರಗಸ ಗರ್ಜಿಸಿತು! ಹಿಂದೆಯೇ ಒಬ್ಬ ಗಂಡಸು, "ಬೇಡ, ಬಿಟ್ಬಿಡಿ, ನಂಗೆ ಮಕ್ಕಳಿದ್ದಾರೆ" ಎಂದು ಎದೆಯೊಡೆಯುವಂತೆ ಕಿರುಚಿಕೊಂಡ.

ಹೆಡ್ಮಾಸ್ಟರು ಅವನಿಗಿಂತ ಜೋರಾಗಿ ಕಿರುಚಿದರು.

ಅದು ಹಾಲಿನಲ್ಲಿದ್ದ ನನಗೂ ಕೇಳಿಸಿತು. ಆಹಾ, ಈಗ ನೋಡು ಸರಿಯಾಯಿತು ಎಂದು ತೊಡೆ ತಟ್ಟಿಕೊಂಡೆ. ಎಂಥ ಸಹಜ ಧ್ವನಿ! ಥೇಟ್ ನಮ್ಮ ಹೆಡ್ಮಾಸ್ಟರೇ ಕೂಗಿದಂತಿತ್ತು.

ದಿಂಬನ್ನು ತಳ್ಳಿಕೊಂಡು ಬಾಗಿಲು ತೆರೆಯಿತು. ಕೊರಳಿಗೆ ನೀಲಿ ಬಟ್ಟೆ ಕಟ್ಟಿಕೊಂಡು, ಬಾಯಲ್ಲಿ ಎಂಜಲು ಹೀರುವ ಕೊಳವೆ ಜೋತಾಡಿಸಿಕೊಂಡು, ಸಾಕ್ಷಾತ್ ಅವರೇ ನಿಂತಿದ್ದರು. ಹೊರಗೋಡುವ ಗಾಬರಿಯಲ್ಲಿ ಬಾಗಿಲು ತಪ್ಪಿ ಮನೆಯೊಳಗೆ ನುಗ್ಗಿದ್ದರು.

"ಬನ್ನಿ ಸಾರ್," ಎಂದೆ ನಾನು ಸಂಭ್ರಮದಿಂದ. "ಸರಿಯಾದ ಸಮಯಕ್ಕೆ ಬಂದ್ರಿ. ಕೂತ್ಕೊಳ್ಳಿ, ಈಗ ಗರಗಸ ಬರುತ್ತೆ."

ಅವರು ಪರದೆಯನ್ನು ನೋಡಿದರು. ಗರಗಸವನ್ನು ನೋಡಿದರು. ನನ್ನನ್ನು ನೋಡಿದರು. ಮರಗಟ್ಟಿದ ಬಾಯಿಂದ, "ಮೇಫ್ಟ್ರೇ, ನೀವಾ?" ಎಂದಷ್ಟೇ ಹೇಳಿ ಹಿತ್ತಿಲ ಬಾಗಿಲಿಂದ ಹೊರಟುಹೋದರು. ನೀಲಿ ಬಟ್ಟೆ ಕೊರಳಲ್ಲೇ ಇತ್ತು. ಕೊಳವೆ ಮಾತ್ರ ಹೊಸ್ತಿಲ ಮೇಲೆ ಬಿತ್ತು.

ಕಾಯುವ ಕೋಣೆ ಖಾಲಿಯಾಗಿತ್ತು. ಗರಗಸದ ಸದ್ದು, ಕಿರುಚಾಟ, ಆಮೇಲೆ ಒಬ್ಬ ದೊಡ್ಡ ಮನುಷ್ಯ ಬಾಯಿ ಒರೆಸಿಕೊಳ್ಳದೆ ಓಡಿದ್ದು, ಇಷ್ಟು ಕಂಡ ಮೇಲೆ 'ನೋವಿಲ್ಲದ ಚಿಕಿತ್ಸೆ'ಗೆ ಯಾರು ಕೂರುತ್ತಾರೆ? ಒಬ್ಬರ ಚಪ್ಪಲಿ ಅಲ್ಲೇ ಉಳಿದಿತ್ತು.

ಹೆಂಡತಿ ಬಯ್ಯುತ್ತಾಳೆ ಎಂದು ತಯಾರಾಗಿ ಒಳಗೆ ಹೋದೆ. ಬಯ್ಯಲಿಲ್ಲ. ಪೇಷಂಟಿನ ಕುರ್ಚಿಯಲ್ಲಿ ತಾನೇ ಕೂತಿದ್ದಳು, ಕೈಗವಸು ಕೂಡ ಬಿಚ್ಚಿರಲಿಲ್ಲ.

"ನಾನು ಹದಿಮೂರು ಸಲ ಫೋನ್ ಮಾಡಿದ್ದೆ ರೀ ಅವರಿಗೆ," ಎಂದಳು. "ಹನ್ನೆರಡು ವರ್ಷದಲ್ಲಿ ಈ ಕುರ್ಚಿಯಿಂದ ಒಬ್ರೂ ಎದ್ದು ಓಡಿರಲಿಲ್ಲ."

ಪ್ರತಿಫಲನವನ್ನೂ ತರ್ಕವನ್ನೂ ಬದಿಗಿಟ್ಟೆ. ನಿಜವಾಗಿ ನಾಚಿಕೆಯಾಯಿತು. ಅವಳ ಪಕ್ಕ ನಿಂತು "ತಪ್ಪಾಯ್ತು" ಎಂದೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆ ಪದವನ್ನು ಅಷ್ಟು ಚಿಕ್ಕದಾಗಿ ಹೇಳಿದ್ದು ಅದೇ ಮೊದಲು. ಅತ್ತೆ ಮಾತ್ರ ಹೊಲಿಗೆ ಡಬ್ಬಿ ತಂದು, ಹಳೆಯ ಆಂಪ್ಲಿಫೈಯರನ್ನು ಮೇಲಿಡಿಸಿ, ನಾನು ಸೋಫಾದ್ದೆಂದು ಸಿಕ್ಕಿಸಿದ್ದ ಕ್ಲಿನಿಕ್ಕಿನ ಎರಡು ಜೊತೆ ವೈರುಗಳನ್ನು ಕಿತ್ತು, ಕೆಂಪು ದಾರ ಕಟ್ಟಿ ತಾವೇ ಸಿಕ್ಕಿಸಿದರು. ಹತ್ತು ನಿಮಿಷದಲ್ಲಿ ಕ್ಲಿನಿಕ್ಕಿನಲ್ಲಿ ಕೊಳಲು ಕೇಳಿತು. ಕೇಳುವವರು ಇರಲಿಲ್ಲ.

ಮೂರು ದಿನ ಹೆಡ್ಮಾಸ್ಟರು ನನ್ನ ಮುಖ ನೋಡಲಿಲ್ಲ. ಗುರುವಾರ ಅವರ ಕೆನ್ನೆ ಊದಿಕೊಂಡಿತ್ತು. ಗಾಜಿನ ಬಾಗಿಲಿನವರ ಕಾರ್ಡು ಮೇಜಿನ ಮೇಲಿತ್ತು. ಇನ್ನು ತಡ ಮಾಡಿದರೆ ಹೆಂಡತಿಯ ಆರುನೂರು ಮಕ್ಕಳೂ ಮೀನಿನ ತೊಟ್ಟಿಯ ಪಾಲು ಎಂದು ಅವರ ಕೋಣೆಗೆ ಹೋಗಿ ಕೈಮುಗಿದೆ.

"ಎಲ್ಲಾ ತಪ್ಪು ನಂದೇ ಸಾರ್. ಡಾಕ್ಟರದ್ದು ಏನೂ ಇಲ್ಲ. ಅವಳ ಕೈಯಲ್ಲಿ ನಿಜವಾಗ್ಲೂ ನೋವಾಗಲ್ಲ."

"ನಿಮಗೆ ಹೇಗೆ ಗೊತ್ತು? ನೀವು ತೋರಿಸಿಕೊಂಡಿದ್ದೀರಾ?"

ಬೀದಿಯವರೆಲ್ಲ ತೋರಿಸಿಕೊಂಡಿದ್ದಾರೆ, ನಾನಿಲ್ಲ. ಕಟ್ಟಿಕೊಂಡ ಹೆಂಡತಿಯ ಕೈಗೆ ಕೊರೆಯುವ ಯಂತ್ರ ಕೊಟ್ಟು ಬಾಯಿ ಕಳೆದು ಮಲಗುವ ಧೈರ್ಯ ಯಾವ ಗಂಡಸಿಗಿದೆ? ಇಲ್ಲವೆಂದು ತಲೆಯಾಡಿಸಿದೆ.

"ಸರಿ ಹಾಗಾದ್ರೆ," ಎಂದರು ಕೆನ್ನೆ ಹಿಡಿದುಕೊಂಡು. "ಇವತ್ತು ಸಂಜೆ ಮೊದಲು ನೀವು ಕೂರಿ. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ. ನೀವು ಕಿರುಚದಿದ್ರೆ ನಾನು ಕೂರ್ತೀನಿ."

ಸಂಜೆ ಹೋಗಿ ನೋಡಿದರೆ ಕ್ಲಿನಿಕ್ಕು ತುಂಬಿತ್ತು. ಅತ್ತೆ ಓಡಿಹೋದ ನಾಲ್ವರಿಗೂ ಫೋನು ಮಾಡಿ, "ಇವತ್ತು ನಮ್ಮ ಅಳಿಯಂದಿರೇ ಕೂರ್ತಾರೆ, ಬಂದು ನೋಡಿ" ಎಂದಿದ್ದರಂತೆ. ನಾಲ್ವರು ತಮ್ಮ ಮನೆಯವರನ್ನೂ ಕರೆತಂದಿದ್ದರು. ಬಾಗಿಲು ತೆರೆದೇ ಇತ್ತು. ನಾನು ನೇಣಿಗೆ ಹೋಗುವವನ ಗಾಂಭೀರ್ಯದಿಂದ ಕುರ್ಚಿಯೇರಿದೆ.

"ಬಾಯಿ ತೆಗೀರಿ," ಎಂದಳು ಹೆಂಡತಿ. ಮನೆಯ ಧ್ವನಿಯಲ್ಲ, ಡಾಕ್ಟರ ಧ್ವನಿ.

ತೆಗೆದೆ.

"ಇನ್ನೂ." ಕನ್ನಡಿ ಹಾಕಿ ನೋಡಿದಳು. "ಹೂಂ," ಎಂದಳು.

"ಏನಿದೆ ಡಾಕ್ಟ್ರೇ?" ಎಂದರು ಹೆಡ್ಮಾಸ್ಟರು.

"ಮೂರು ಹುಳುಕು ಸಾರ್. ಇವತ್ತು ಒಂದು ತುಂಬ್ತೀನಿ."

ಇಂಜೆಕ್ಷನ್ನು ಬಂತು. ಯಂತ್ರ ಬಂತು. ನಾನು ಕುರ್ಚಿಯ ಕೈಗಳನ್ನು ಹಿಡಿದುಕೊಂಡೆ. ಇಲ್ಲೊಂದು ಸತ್ಯ ಒಪ್ಪಿಕೊಳ್ಳಬೇಕು: ನೋವೇ ಆಗಲಿಲ್ಲ. ಹನ್ನೆರಡು ವರ್ಷದಿಂದ ನಾನು ದಿನಾ ಹಾದು ಹೋಗುವ ಆ ಬೋರ್ಡು ಅಕ್ಷರಶಃ ನಿಜ. ನಂಬದೆ ಇದ್ದವನು ಇಡೀ ಬೀದಿಗೆ ನಾನೊಬ್ಬನೇ. ಆದರೂ ಹೆದರಿಕೆಗೆ ಕಣ್ಣಂಚಿನಿಂದ ಎರಡು ಹನಿ ಇಳಿದವು.

"ಕಣ್ಣಲ್ಲಿ ನೀರು ಬರ್ತಿದೆಯಲ್ಲ?" ಹೆಡ್ಮಾಸ್ಟರು ಬಗ್ಗಿ ನೋಡಿದರು.

"ಅದು ನೋವಲ್ಲ ಸಾರ್, ಪಶ್ಚಾತ್ತಾಪ," ಎಂದಳು ಹೆಂಡತಿ.

ಬಾಗಿಲಲ್ಲಿದ್ದವರೆಲ್ಲ ನಕ್ಕರು. ನಾನು ಹೆಬ್ಬೆರಳೆತ್ತಿ ತೋರಿಸಿದೆ. ಹೆಡ್ಮಾಸ್ಟರ ಮುಖ ಸಡಿಲಾಯಿತು.

"ಭೇಷ್. ಇವರೇ ಕಿರುಚಲಿಲ್ಲ ಅಂದ್ಮೇಲೆ ನನಗೇನು ಭಯ? ಇವರೆದ್ದ ಕೂಡಲೇ ನಾನು ಕೂರ್ತೀನಿ. ಮಕ್ಕಳ ತಪಾಸಣೆಯೂ ನಿಮಗೇ ಡಾಕ್ಟ್ರೇ, ಮಾತು ಕೊಟ್ಟಾಯ್ತು. ಆದ್ರೆ ಮಕ್ಕಳು ನನಗಿಂತ ಹೆದರುಪುಕ್ಕಲು. ಒಂದು ಕೆಲಸ ಮಾಡೋಣ. ಪ್ರತಿ ತರಗತಿಯ ಎದುರಿಗೂ ಮೊದಲು ಈ ಮೇಷ್ಟ್ರನ್ನೇ ಕೂರಿಸಿ, ಹೀಗೇ ಒಂದು ಹಲ್ಲು ಕೊರೆದು ತೋರಿಸಿಬಿಡಿ."

"ಒಟ್ಟು ಎಷ್ಟು ತರಗತಿ ಸಾರ್?" ಎಂದಳು ಹೆಂಡತಿ.

"ಹನ್ನೆರಡು."

"ಇವರದ್ದು ಹುಳುಕು ಹಲ್ಲು ಇನ್ನು ಎರಡೇ ಉಳಿದಿರೋದು."

ಹೆಡ್ಮಾಸ್ಟರು ಯೋಚನೆಗೆ ಬಿದ್ದರು. "ಹಾಗಾದ್ರೆ ಮಿಕ್ಕ ಹತ್ತು ತರಗತಿಗೆ?"

ನಾನು ಬಾಯಿ ತುಂಬ ಹತ್ತಿ ತುಂಬಿಕೊಂಡು ಹೆಂಡತಿಯ ಮುಖವನ್ನೇ ನೋಡಿದೆ. ಹದಿನೆಂಟು ವರ್ಷ ಜೊತೆಯಲ್ಲಿ ಬಾಳಿದವಳು, ಬಿಟ್ಟುಕೊಟ್ಟಾಳೆಯೇ? ಅವಳು ಪುಟ್ಟ ಕನ್ನಡಿಯನ್ನು ಮತ್ತೆ ನನ್ನ ಬಾಯೊಳಗೆ ಹಾಕಿ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಣಿಸಿದಳು.

"ಒಳ್ಳೇದು ಇಪ್ಪತ್ತೊಂಬತ್ತಿವೆ ಸಾರ್," ಎಂದಳು. "ಸಾಕಾಗುತ್ತೆ."